ಓದುಗರ ಪ್ರಶ್ನೆ: ಕಾರ್ಪೆಟ್ಟೋ, ಬಿಲ್ಟ್‌ಅಪ್ಪೋ, ಸೇಲೆಬಲ್ಲೋ?

ಪ್ರಶ್ನೆ: ಮುಂಬಯಿ ಬಳಿಯ ಡೊಂಬಿವಲಿಯ ಹೊಸ ಕಟ್ಟಡವೊಂದರಲ್ಲಿ ಫ್ಲ್ಯಾಟ್ ನೋಡಿದ್ದೇವೆ. ಏಜೆಂಟರು 650 ಚದರಡಿ ‘ಸೇಲೆಬಲ್’ ಎನ್ನುತ್ತಾರೆ, ಚದರಡಿಗೆ 8,000 ರೂಪಾಯಿಯಂತೆ 52 ಲಕ್ಷ. ಕರಾರಿನ ಕರಡಿನಲ್ಲಿ ಮಾತ್ರ ಕಾರ್ಪೆಟ್ ಏರಿಯಾ 38.50 ಚದರ ಮೀಟರ್ ಎಂದಿದೆ. ನಡುವೆ ಬಿಲ್ಟ್‌ಅಪ್ ಅಂತ ಇನ್ನೊಂದು. ಯಾವುದನ್ನು ಹಿಡಿಯಬೇಕು?

ಉತ್ತರ: ಕಾರ್ಪೆಟ್ ಏರಿಯಾ. ಈ ಮೂರರಲ್ಲಿ 2016ರ ರೇರಾ (ಫ್ಲ್ಯಾಟ್, ನಿವೇಶನ ಮಾರಾಟದ) ಕಾಯ್ದೆ ಅರ್ಥ ನಿಗದಿ ಮಾಡಿರುವುದು ಅದಕ್ಕೊಂದಕ್ಕೇ. ಮನೆಯೊಳಗೆ ಬಳಕೆಗೆ ಸಿಗುವ ನೆಲ, ಜೊತೆಗೆ ಕೋಣೆಗಳ ನಡುವಿನ ಗೋಡೆ ನಿಂತಿರುವ ಜಾಗ ಇದರಲ್ಲಿ ಸೇರುತ್ತದೆ. ಹೊರಗೋಡೆ, ಡಕ್ಟ್ (ಪೈಪುಗಳು ಹಾಯುವ ಜಾಗ), ನಿಮ್ಮ ಮನೆಗಷ್ಟೇ ಸೇರಿದ ಬಾಲ್ಕನಿ ಮತ್ತು ತೆರೆದ ಟೆರೇಸ್ ಸೇರುವುದಿಲ್ಲ. ಹೊರಗೋಡೆ, ಬಾಲ್ಕನಿ ಕೂಡಿಸಿದರೆ ವಾಡಿಕೆಯ ಬಿಲ್ಟ್‌ಅಪ್. ಅದರ ಮೇಲೆ ಮೆಟ್ಟಿಲು, ಲಿಫ್ಟ್, ಲಾಬಿಯ ಪಾಲು ಹೇರಿದರೆ ಸೂಪರ್ ಬಿಲ್ಟ್‌ಅಪ್, ಏಜೆಂಟರ ಬಾಯಲ್ಲಿ ಸೇಲೆಬಲ್. ಎಷ್ಟು ಹೇರುವುದೆಂಬುದು ಬಿಲ್ಡರನ ಮರ್ಜಿ. ಅದನ್ನೇ ‘ಲೋಡಿಂಗ್’ ಎನ್ನುವುದು.

ನಿಮ್ಮದನ್ನೇ ಲೆಕ್ಕ ಹಾಕಿ. ಒಂದು ಚದರ ಮೀಟರಿಗೆ 10.764 ಚದರಡಿ. 38.50 ಎಂದರೆ ಸುಮಾರು 414 ಚದರಡಿ. ಅಲ್ಲಿಗೆ ಲೋಡಿಂಗ್ ಶೇ. 57ರ ಹತ್ತಿರ, ನಿಜವಾದ ದರ ಚದರಡಿಗೆ 12,550ರ ಆಸುಪಾಸು. ಎರಡು ಫ್ಲ್ಯಾಟ್‌ಗಳನ್ನು ಹೋಲಿಸುವಾಗ ಈ ದರವನ್ನೇ ಇಟ್ಟುಕೊಳ್ಳಿ, 8,000ಕ್ಕೆ ಮರುಳಾಗಬೇಡಿ. (ಬೆಂಗಳೂರಿನ ನೆಂಟರು ‘ಎಷ್ಟು ಚದರ?’ ಎಂದು ಕೇಳಿದರೆ ನಾಲ್ಕು ಚಿಲ್ಲರೆ ಎನ್ನಿ. ಅಲ್ಲಿ ಮನೆಯ ಮಾತಿನಲ್ಲಿ ಒಂದು ಚದರವೆಂದರೆ ನೂರು ಚದರಡಿ.)

ಸ್ವಾಧೀನಕ್ಕೆ ಮುಂಚೆ ಟೇಪ್ ಹಿಡಿದು ಅಳೆಯಿರಿ. ಗೋಡೆಯ ಬುಡದ ಸ್ಕರ್ಟಿಂಗ್ ಟೈಲ್ಸ್ ಮುಂದಕ್ಕೆ ಚಾಚಿರುತ್ತದೆ, ಆದ್ದರಿಂದ ಅದರ ಮೇಲೆ, ಗೋಡೆಯಿಂದ ಗೋಡೆಗೆ. ಗೋಡೆಗಳು ನೇರ ಇರುವುದು ಅಪರೂಪ. ಪ್ರತಿ ಕೋಣೆಯನ್ನೂ ಎರಡು ಕಡೆ ಅಳೆದು ಸರಾಸರಿ ತೆಗೆಯಿರಿ. ಒಳಗೋಡೆಗಳ ದಪ್ಪ ಕೂಡಿಸಲು ಮರೆತರೆ ಮೊತ್ತ ಕಡಿಮೆ ಬರುತ್ತದೆ, ಸುಮ್ಮನೆ ಜಗಳ. ನಕ್ಷೆಯಲ್ಲಿ 3 ಮೀಟರ್ ಎಂದಿದ್ದದ್ದು ಕೈಗೆ 2.97 ಬಂದರೆ ಹೌಹಾರಬೇಡಿ: ನಕ್ಷೆ ಇಟ್ಟಿಗೆಯಿಂದ ಇಟ್ಟಿಗೆಗೆ ಅಳೆದದ್ದಾದರೆ, ಎರಡೂ ಬದಿಯ ಪ್ಲಾಸ್ಟರ್ ಅಷ್ಟನ್ನು ತಿನ್ನುತ್ತದೆ. ಕರಾರಿನಲ್ಲಿ ಕಾರ್ಪೆಟ್ ಏರಿಯಾ ಶೇ. 3ರಷ್ಟು ಹೆಚ್ಚುಕಡಿಮೆಯಾಗಲು ಅವಕಾಶವಿಡುವ ಕಲಮು ಸಾಮಾನ್ಯವಾಗಿ ಇರುತ್ತದೆ, ಓದಿ. ಇನ್ನು, ಕರಾರು ನೋಂದಣಿಯಾಗುವ ಮುನ್ನ ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣ ಕೇಳುವಂತಿಲ್ಲ.

ಪ್ರಶ್ನೆ: ಪುಣೆಯಿಂದ ಊರಿಗೆ ಪೆಟ್ಟಿಗೆ ಕಳಿಸಬೇಕಿತ್ತು. ಕೊರಿಯರ್ ಫಾರ್ಮ್‌ನಲ್ಲಿ ‘ಡೈಮೆನ್ಷನ್ಸ್’ ಎಂಬಲ್ಲಿ ‘ದೊಡ್ಡ ಸೈಜ್’ ಎಂದು ಬರೆದೆ, ವಾಪಸ್ ಬಂತು. ಎರಡೂ ಒಂದೇ ಅಲ್ಲವೇ?

ಉತ್ತರ: ಅಲ್ಲ. ಅಂಗಿಯ 40, ಚಪ್ಪಲಿಯ 8 ಇವು ಸೈಜ್, ಮೊದಲೇ ಗೊತ್ತುಮಾಡಿದ ನಂಬರು. ದರ್ಜಿ ಮೈಗೆ ಟೇಪ್ ಹಿಡಿದು ತೆಗೆಯುವುದು ಮೆಷರ್‌ಮೆಂಟ್ಸ್. ಡೈಮೆನ್ಷನ್ಸ್ ಎಂದರೆ ಉದ್ದ, ಅಗಲ, ಎತ್ತರ ಮೂರೂ ಬೇಕು, ಅದೂ ಸೆಂಟಿಮೀಟರಿನಲ್ಲಿ, ಪೆಟ್ಟಿಗೆ ಉಬ್ಬಿದಲ್ಲಿ ಅಳೆದು. ಏಕೆಂದರೆ ಅನೇಕ ಕೊರಿಯರ್‌ಗಳು ಈ ಮೂರನ್ನು ಗುಣಿಸಿ 5000ದಿಂದ ಭಾಗಿಸಿ, ಪೆಟ್ಟಿಗೆ ಹಿಡಿಯುವ ಜಾಗವನ್ನೇ ತೂಕವಾಗಿ ಲೆಕ್ಕ ಹಾಕುತ್ತವೆ; ಅದು, ನಿಜವಾದ ತೂಕ, ಎರಡರಲ್ಲಿ ಹೆಚ್ಚಿನದಕ್ಕೆ ಬಾಡಿಗೆ. 60, 40, 40ರ ಪೆಟ್ಟಿಗೆಗೆ 19.2 ಕಿಲೋ ಬರುತ್ತದೆ. ಒಳಗೆ 6 ಕಿಲೋ ಅವಲಕ್ಕಿ, ಹಪ್ಪಳ ಇದ್ದರೂ ಬಾಡಿಗೆ 19.2ಕ್ಕೇ. ಚಿಕ್ಕ ಪೆಟ್ಟಿಗೆಯಲ್ಲಿ ಒತ್ತಿ ತುಂಬಿಸಿ, ಹಪ್ಪಳ ಮೇಲಿರಲಿ.