ಸಿಸ್ಟ್ ಒಡೆದಿದೆ ಅಂದ್ರು, ಇನ್ನು ಮಕ್ಕಳಾಗಲ್ವಾ?

ಪ್ರಶ್ನೆ: ಮೇಡಂ, ನಂಗೆ 26 ವರ್ಷ, ಮದುವೆಯಾಗಿ ಒಂದು ವರ್ಷ. ಹೋದ ವಾರ ತುಂಬಿದ ಬಕೆಟ್ ಎತ್ತೋಕೆ ಬಗ್ಗಿದ್ದೇ ತಡ ಬಲಗಡೆ ಕಿಬ್ಬೊಟ್ಟೇಲಿ ಚಾಕು ಹಾಕಿದ ಹಾಗೆ ನೋವು, ಮೈಯೆಲ್ಲಾ ಬೆವರು. ಅಪೆಂಡಿಕ್ಸ್ ಇರ್ಬೇಕು ಅಂತ ಓಡಿದ್ವಿ. ಸ್ಕ್ಯಾನ್ ಮಾಡಿ ಓವರಿಯಲ್ಲಿದ್ದ ಸಿಸ್ಟ್ ಒಡೆದಿದೆ, ಹೊಟ್ಟೆಯೊಳಗೆ ಸ್ವಲ್ಪ ನೀರಿದೆ ಅಂತ ಹೇಳಿ ನೋವಿನ ಮಾತ್ರೆ ಕೊಟ್ಟು ಕಳಿಸಿದ್ರು. ಅತ್ತೆ ಓವರೀನೇ ಒಡೆದುಹೋಯ್ತು ಅಂತ ಅಳ್ತಿದ್ದಾರೆ.

ಉತ್ತರ: ನೋಡಮ್ಮ, ಒಡೆದಿರೋದು ಓವರಿ ಅಲ್ಲ, ಅದರ ಮೇಲಿದ್ದ ನೀರುಗುಳ್ಳೆ, ಇದನ್ನ ಅತ್ತೆಯವರಿಗೂ ಓದಿ ಹೇಳಿ. ಪ್ರತಿ ತಿಂಗಳು ಅಂಡಾಣು ಬೆಳೆಯೋದೇ ಇಂಥ ಒಂದು ಪುಟ್ಟ ಗುಳ್ಳೆಯೊಳಗೆ, ಅದು ಸುಮಾರು 2 ಸೆಂಟಿಮೀಟರ್ ಆದಾಗ ಒಡೆದು ಅಂಡಾಣು ಹೊರಗೆ ಬರುತ್ತೆ. ಕೆಲವು ಸಲ ಒಡೆಯದೇ ದೊಡ್ಡದಾಗುತ್ತೆ, ಇಲ್ಲಾಂದ್ರೆ ಅಂಡಾಣು ಹೋದ ಮೇಲೆ ಉಳಿದ ಚೀಲದಲ್ಲಿ ನೀರೋ ರಕ್ತವೋ ತುಂಬ್ಕೊಳ್ಳುತ್ತೆ, ಆಗ ಭಾರ ಎತ್ತಿದ್ರೆ, ವ್ಯಾಯಾಮ ಮಾಡಿದ್ರೆ, ಗಂಡ ಹೆಂಡತಿ ಸೇರಿದಾಗ ಒಡೆಯಬಹುದು, ಸುಮ್ಮನಿದ್ದಾಗಲೂ ಒಡೆಯುತ್ತೆ. ಬಕೆಟ್ ಎತ್ತಿದ್ದು ನಿಮ್ಮ ತಪ್ಪಲ್ಲ. ಎಡಗಡೆ ದೊಡ್ಡ ಕರುಳು ಮೆತ್ತೆ ಥರ ಅಡ್ಡ ಇರೋದ್ರಿಂದ ಬಲಗಡೆ ಒಡೆಯೋದೇ ಜಾಸ್ತಿ, ಅದಕ್ಕೇ ಅಪೆಂಡಿಕ್ಸ್ ಅಂತ ಗಾಬರಿಯಾಗೋದು.

ಆ ನೀರು ಹೊಟ್ಟೆಯ ಒಳಪದರಕ್ಕೆ ತಾಗಿದ್ದಕ್ಕೇ ಅಷ್ಟು ನೋವು. ಅದನ್ನ ದೇಹವೇ ನಿಧಾನಕ್ಕೆ ಹೀರಿಕೊಳ್ಳುತ್ತೆ. ಇಂಥ ಸಾದಾ ಸಿಸ್ಟ್ ಒಡೆದ್ರೆ ಮಕ್ಕಳಾಗೋಕೆ ತೊಂದ್ರೆ ಇಲ್ಲ. ಡರ್ಮಾಯ್ಡ್ (ಒಳಗೆ ಕೊಬ್ಬು, ಕೂದಲು ಇರೋ ಗುಳ್ಳೆ) ಅಥವಾ ಚಾಕೊಲೇಟ್ ಸಿಸ್ಟ್ (ಹಳೇ ರಕ್ತ ತುಂಬಿದ ಗುಳ್ಳೆ) ಆಗಿದ್ರೆ ಮಾತು ಬೇರೆ, ಅದರೊಳಗಿನದ್ದು ಚೆಲ್ಲಿದ್ರೆ ಒಳಗೆ ಉರಿಯೂತ ಆಗುತ್ತೆ, ಅದಕ್ಕೆ ಯಾವ ಸಿಸ್ಟ್ ಅಂತ ರಿಪೋರ್ಟ್ ನೋಡಿ ಕೇಳಿ, ಇನ್ನೊಂದು ಸ್ಕ್ಯಾನ್ ಯಾವಾಗ ಅಂತಾನೂ ಕೇಳಿ.

ನಂಗೆ ನಿಜವಾಗ್ಲೂ ಭಯ ಇರೋದು ಒಳಗೆ ರಕ್ತ ನಿಲ್ಲದೇ ಹೋದಾಗ. ನೋವು ಕಮ್ಮಿ ಆಗೋ ಬದಲು ಏರ್ತಾ ಇದ್ರೆ, ಎದ್ದು ನಿಂತ್ರೆ ಕಣ್ಣು ಕತ್ತಲೆ ಬಂದ್ರೆ, ಮಲಗಿದಾಗ ಭುಜದ ತುದಿ ನೋಯ್ತಿದ್ರೆ (ಹೊಟ್ಟೇಲಿ ರಕ್ತ ಸೇರಿದ್ರೆ ಭುಜಕ್ಕೆ ನೋವು ಬರುತ್ತೆ, ಎಷ್ಟೋ ಜನಕ್ಕೆ ಇದು ಗೊತ್ತೇ ಇರಲ್ಲ), ಜ್ವರ ಬಂದ್ರೆ, ರಾತ್ರಿ ಎಷ್ಟೊತ್ತಾಗಿದ್ರೂ ಹೊರಡಿ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರಿಗೆ ಈ ಅಪಾಯ ಹೆಚ್ಚು. ಬಿಟ್ಟು ಬಿಟ್ಟು ಜೋರು ನೋವು, ಜೊತೆಗೆ ವಾಂತಿ ಆದ್ರೆ ಓವರಿ ತಿರುಚಿಕೊಂಡಿರಬಹುದು, ಅದಕ್ಕೂ ಕಾಯೋ ಹಾಗಿಲ್ಲ. ಮುಟ್ಟಿನ ನೋವು ಅಂತ ಹಲ್ಲುಕಚ್ಚಿ ಮಲಗ್ಬೇಡಿ ತಾಯಿ.

ಇನ್ನೊಂದು, ಅವತ್ತು ನಿಮಗೆ ಪ್ರೆಗ್ನೆನ್ಸಿ ಟೆಸ್ಟ್ ಮಾಡಿದ್ರಾ? ಗರ್ಭಕೋಶದ ಬದಲು ಟ್ಯೂಬಿನಲ್ಲಿ (ಅಂಡನಾಳದಲ್ಲಿ) ಗರ್ಭ ನಿಂತ್ರೂ ಹೀಗೇ ನೋವು ಬರುತ್ತೆ, ಅದು ಜೀವಕ್ಕೇ ಅಪಾಯ. ಮಾಡಿಲ್ಲ ಅಂದ್ರೆ ಇವತ್ತೇ ಹೋಗಿ ಮಾಡಿಸಿಕೊಳ್ಳಿ.