ಗಾಡಿ ಮಾತು: ಡಿಸ್ಕವರಿ ಕೊಳ್ಳಲೇ, ಬೇಡವೇ?

ಪ್ರಶ್ನೆ: ನಮಸ್ಕಾರ ಸಾರ್. ನಮ್ದು ಮಂಡ್ಯ ತಾಲ್ಲೂಕು, ಊರು ಹೆಸರು ಹಾಕಬೇಡಿ. ಎಂಟು ಎಕರೆ ಕಬ್ಬು, ನಾಲ್ಕು ಎಕರೆ ಭತ್ತ, ಜೊತೆಗೆ ಸಣ್ಣಪುಟ್ಟ ಕಾಂಟ್ರಾಕ್ಟ್ ಕೆಲಸ. 2014ರ ಲ್ಯಾಂಡ್ ರೋವರ್ ಡಿಸ್ಕವರಿ 4 ನೋಡಿದ್ದೀನಿ. 3.0 ಡೀಸೆಲ್, ದೆಹಲಿ ನಂಬರ್, ಮೂರನೇ ಓನರ್, ಮೀಟರಲ್ಲಿ 92,000 ಕಿ.ಮೀ. ಬೆಂಗಳೂರಿನ ಬ್ರೋಕರ್ 14 ಲಕ್ಷ ಹೇಳ್ತಿದ್ದಾರೆ, 13ಕ್ಕೆ ಬರಬಹುದು. ಟಾರ್ ರೋಡಿಂದ ಜಮೀನಿಗೆ ಎರಡು ಕಿ.ಮೀ. ನಾಲೆ ಏರಿ ಮೇಲೆ ಹೋಗ್ಬೇಕು. ಮಳೆ ಬಂತು ಅಂದ್ರೆ ಈಗಿರೋ ಕಾರು ಹೂತ್ಕೊಳ್ಳುತ್ತೆ, ಟ್ರಾಕ್ಟರ್ ತಂದು ಎಳೆಸ್ಬೇಕು. ಅಮ್ಮಂಗೆ 76, ಮಂಡಿ ನೋವು. ಈ ಗಾಡಿ ಬಟನ್ ಒತ್ತಿದ್ರೆ ಕೆಳಗಿಳಿಯುತ್ತೆ, ಅಮ್ಮ ಸಲೀಸಾಗಿ ಹತ್ತಬಹುದು. ಚಿಕ್ಕಂದಿನಿಂದ ಇಂಥ ಗಾಡಿ ಮೇಲೆ ಆಸೆ ನಂಗೆ. ಮನೇಲಿ ಎಲ್ರೂ ಬೇಡ ಅಂತಾರೆ. ನೀವೇನಂತೀರಿ?

ಉತ್ತರ: ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಅಂಥದ್ದೇ ಆಸೆ ನನ್ನನ್ನೂ ಹಿಡಿದಿತ್ತು. ಅದನ್ನು ಮೊದಲು ಹೇಳಿಬಿಡುತ್ತೇನೆ, ಆಮೇಲೆ ನಿಮ್ಮ ಗಾಡಿಗೆ ಬರೋಣ.

ಮೈಸೂರಿನ ಬನ್ನಿಮಂಟಪದ ಹತ್ತಿರ ವರ್ಕ್‌ಶಾಪ್ ಇಟ್ಟು ಇಪ್ಪತ್ತು ವರ್ಷ ಕಳೆದ ಮೇಲೆ, 2016ರಲ್ಲಿ, ಒಂಬತ್ತು ವರ್ಷ ಹಳೆಯ ಯುರೋಪಿನ ಫೋರ್ ವೀಲ್ ಡ್ರೈವ್ ಒಂದನ್ನು ಕೊಂಡೆ. ಕಂಪನಿ ಹೆಸರು ಇಲ್ಲಿ ಬೇಡ. 11 ಲಕ್ಷ ಕೊಟ್ಟಿದ್ದೆ. ಅದರ ಸ್ಟೀರಿಂಗ್ ಹಿಡಿದು ನಂಜನಗೂಡು ರಸ್ತೆಯಲ್ಲಿ ಹೋದ ಮೊದಲ ಸಂಜೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾಲ್ಕನೇ ತಿಂಗಳಲ್ಲಿ ಒಂದು ರಾತ್ರಿ ಶೆಡ್ಡಿನಲ್ಲಿ ಸಣ್ಣಗೆ ‘ಸುಸ್’ ಎನ್ನುವ ಶಬ್ದ ಕೇಳಿಸಿತು. ಬಕೆಟ್ಟಿನಲ್ಲಿ ಸೋಪಿನ ನೀರು ಮಾಡಿಕೊಂಡು, ಚಕ್ರದ ಹಿಂದೆ ಟಾರ್ಚ್ ಬಿಟ್ಟು, ಏರ್ ಸಸ್ಪೆನ್ಷನ್ನಿನ ರಬ್ಬರ್ ಚೀಲದ (ಸ್ಪ್ರಿಂಗಿನ ಬದಲು ಗಾಡಿಯನ್ನು ಹೊರುವ ಗಾಳಿ ಚೀಲ) ಮೇಲೆ ಎರಚಿದೆ. ಚೀಲ ಮಡಚಿಕೊಳ್ಳುವ ಜಾಗದಲ್ಲಿ, ಕೂದಲೆಳೆಯಷ್ಟು ಸೀಳಿನಿಂದ, ಒಂದರ ಹಿಂದೊಂದು ನೊರೆಗುಳ್ಳೆ ಏಳುತ್ತಿತ್ತು. ಮೇಲಿಂದ ನೋಡಿದರೆ ರಬ್ಬರು ಹೊಸದರಂತಿತ್ತು. ಆ ಸೋರಿಕೆ ತುಂಬಿಸಲು, ಚೀಲಕ್ಕೆ ಗಾಳಿ ಒತ್ತುವ ಕಂಪ್ರೆಸರ್ ಬಿಡುವಿಲ್ಲದೆ ಓಡಿ ಓಡಿ ಅದೂ ಸುಟ್ಟಿತು. ಹೀಗೆ ಒಂದರಿಂದ ಇನ್ನೊಂದು. ಮೊದಲ ವರ್ಷದ ಬಿಲ್ಲುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ: 4 ಲಕ್ಷ 60 ಸಾವಿರ. ಅದೂ ಕೂಲಿ ನನ್ನದೇ, ಪಾರ್ಟ್ಸ್ ದುಡ್ಡು ಮಾತ್ರ. ಎರಡನೇ ವರ್ಷ 6 ಲಕ್ಷಕ್ಕೆ ಮಾರಿದೆ.

ಇಂಥ ಗಾಡಿಯ ಬೆಲೆ ವರ್ಷ ವರ್ಷ ಇಳಿಯುತ್ತದೆ, ಆದರೆ ಅದರ ಪಾರ್ಟಿನ ಬೆಲೆ ಇಳಿಯುವುದಿಲ್ಲ. ನೀವು ನೋಡಿರುವ ಡಿಸ್ಕವರಿ ಹೊಸದಾಗಿದ್ದಾಗ ಅರ್ಧ ಕೋಟಿಯ ಆಸುಪಾಸಿನ ಗಾಡಿ. ನೀವು 13 ಲಕ್ಷಕ್ಕೆ ತಂದರೂ ಅದರ ಕಂಪ್ರೆಸರು, ಬ್ರೇಕು, ಸೆನ್ಸರು ಎಲ್ಲ ಅರ್ಧ ಕೋಟಿ ಗಾಡಿಯವೇ. ಕೊಳ್ಳುವ ದುಡ್ಡು ನಿಮ್ಮ ಹತ್ತಿರ ಇದೆ, ಸರಿ. ಅದರ ಮೂರನೇ ಒಂದು ಭಾಗ, ಅಂದರೆ ನಾಲ್ಕು-ನಾಲ್ಕೂವರೆ ಲಕ್ಷ, ಮುಟ್ಟದೆ ಬ್ಯಾಂಕಿನಲ್ಲಿ ಬೇರೆ ಇಡುವ ಶಕ್ತಿ ಇದೆಯಾ? ಕಾರ್ಖಾನೆಯಿಂದ ಕಬ್ಬಿನ ದುಡ್ಡು ಬರುವುದು ತಡವಾದ ವರ್ಷವೂ ಅದನ್ನು ಮುಟ್ಟಬಾರದು. ಅಷ್ಟು ಆಗದಿದ್ದರೆ ಮುಂದಿನದನ್ನು ನೀವು ಓದುವುದೇ ಬೇಡ.

ಇನ್ನು ನಿಮ್ಮ ಡಿಸ್ಕವರಿ. ಕೆಸರಿಗೆ ಹೇಳಿ ಮಾಡಿಸಿದ ಗಾಡಿ, ಅದರಲ್ಲಿ ಎರಡು ಮಾತಿಲ್ಲ. ನಾಲ್ಕೂ ಚಕ್ರಕ್ಕೆ ಸದಾ ಶಕ್ತಿ ಹೋಗುತ್ತದೆ, ಸಾಮಾನ್ಯವಾಗಿ ಲೋ ರೇಂಜ್ (ನಿಧಾನಕ್ಕೆ, ಆದರೆ ಜೋರಾಗಿ ಎಳೆಯುವ ಗೇರು) ಇರುತ್ತದೆ, ನೆಲ ಎಂಥದ್ದೆಂದು ಗುಂಡಿ ತಿರುಗಿಸಿ ಹೇಳಿದರೆ ಎಂಜಿನ್ನು, ಗೇರು, ಬ್ರೇಕು ಅದಕ್ಕೆ ತಕ್ಕಂತೆ ನಡೆದುಕೊಳ್ಳುತ್ತವೆ. ಅಮ್ಮನ ವಿಷಯದಲ್ಲೂ ನೀವು ಹೇಳಿದ್ದು ನಿಜ, ಹತ್ತಿ ಇಳಿಯುವಾಗ ಸುಮಾರು 5 ಸೆಂ.ಮೀ. ತಗ್ಗುತ್ತದೆ. ಆದರೆ ತಗ್ಗಿಸುವುದೂ ಏರಿಸುವುದೂ ಅದೇ ಗಾಳಿ ಚೀಲಗಳು, ಅದೇ ಕಂಪ್ರೆಸರು. ಈ ಗಾಡಿಯಲ್ಲಿ ಅವಕ್ಕೆ ಹತ್ತು ವರ್ಷ ಮೀರಿದೆ.

ಅದನ್ನು ಪರೀಕ್ಷಿಸುವ ಬಗೆ ಹೇಳುತ್ತೇನೆ. ಸಂಜೆ ಸಮತಟ್ಟಾದ ಕಾಂಕ್ರೀಟ್ ನೆಲದ ಮೇಲೆ ನಿಲ್ಲಿಸಿ. ಸ್ಟೀಲ್ ಟೇಪ್ ಹಿಡಿದು, ಚಕ್ರದ ನಡುಮಧ್ಯದಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ, ನಾಲ್ಕೂ ಕಡೆ ಅಳೆದು ಬರೆದುಕೊಳ್ಳಿ. ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆ, ಸ್ಟಾರ್ಟ್ ಮಾಡುವ ಮುಂಚೆ, ಮತ್ತೆ ಅಳೆಯಿರಿ. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ: ಒಂದು ಮೂಲೆ ಮಾತ್ರ ಕುಸಿದಿರುತ್ತದೆ ಎಂದು ಹುಡುಕುತ್ತಾರೆ. ಈ ಗಾಡಿ ಹಾಗಲ್ಲ. ನಿಂತಲ್ಲೇ ಆಗಾಗ ಎಚ್ಚರವಾಗಿ, ಯಾವ ಮೂಲೆ ತಗ್ಗಿದೆಯೋ ಆ ಮಟ್ಟಕ್ಕೆ ಉಳಿದ ಮೂರನ್ನೂ ತಾನೇ ಇಳಿಸಿಕೊಂಡು ಸಮ ಮಾಡಿಕೊಳ್ಳುತ್ತದೆ. ಬೆಳಿಗ್ಗೆ ನೋಡಿದರೆ ಗಾಡಿ ನೆಟ್ಟಗೇ ನಿಂತಿರುತ್ತದೆ, ಆದರೆ ಒಟ್ಟಾಗಿ ನಾಲ್ಕು ಬೆರಳು ಕೆಳಗೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಟೇಪಿಗೆ ಗೊತ್ತಾಗುತ್ತದೆ. ರಾತ್ರಿ ಪೂರ್ತಿ ಗಾಡಿ ಬಿಡುವುದಿಲ್ಲ ಎಂದು ಬ್ರೋಕರ್ ಹೇಳಿದರೆ ಅವರ ಅಂಗಳದಲ್ಲೇ ಅಳೆಯಿರಿ, ಬೆಳಿಗ್ಗೆ ಆರಕ್ಕೆ ಮತ್ತೆ ಹೋಗಿ. ಅದಕ್ಕೂ ಒಪ್ಪದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಎಂಜಿನ್ನಿಗೆ ಬರೋಣ. ಈ 3.0 ಡೀಸೆಲ್ಲಿನಲ್ಲಿ ಮುಂದೆ ಟೈಮಿಂಗ್ ಬೆಲ್ಟು (ವಾಲ್ವುಗಳನ್ನು ಪಿಸ್ಟನ್ನಿನ ತಾಳಕ್ಕೆ ತೆರೆದು ಮುಚ್ಚಿಸುವ ಬೆಲ್ಟು), ಹಿಂದೆ ಡೀಸೆಲ್ ಪಂಪ್ ತಿರುಗಿಸಲು ಇನ್ನೊಂದು ಬೆಲ್ಟು. ಎರಡನೆಯದು ಇದೆ ಎಂದೇ ಎಷ್ಟೋ ಮೆಕ್ಯಾನಿಕ್‌ಗಳಿಗೆ ಗೊತ್ತಿರುವುದಿಲ್ಲ. ಬೆಲ್ಟಿಗೆ ಕಿಲೋಮೀಟರಿನ ಲೆಕ್ಕದ ಜೊತೆ ವರ್ಷದ ಲೆಕ್ಕವೂ ಇದೆ, ಯಾವುದು ಮೊದಲು ಬರುತ್ತದೋ ಅದು. ‘92,000 ತಾನೆ ಓಡಿರೋದು’ ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಎರಡೂ ಬೆಲ್ಟು ಬದಲಿಸಿದ ಬಿಲ್ಲು ಕಣ್ಣಿಗೆ ಕಾಣದಿದ್ದರೆ ಬದಲಿಸಿಲ್ಲ ಎಂದೇ ತಿಳಿಯಿರಿ, ಆ ಖರ್ಚು ಬೆಲೆಯಲ್ಲಿ ಕಳೆಯಿರಿ. ಓಡುವಾಗ ಬೆಲ್ಟು ಹೋದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಬಿಚ್ಚಬೇಕಾಗುತ್ತದೆ. ಈ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡ) ಮುರಿದ ಪ್ರಕರಣಗಳೂ ಹಲವು ದೇಶಗಳಲ್ಲಿ ವರದಿಯಾಗಿವೆ. ಎಲ್ಲಾ ಗಾಡಿಗೂ ಹಾಗಾಗುತ್ತದೆ ಎಂದಲ್ಲ. ಹೊತ್ತುಹೊತ್ತಿಗೆ ಆಯಿಲ್ ಬದಲಿಸಿದ ದಾಖಲೆ ಇಲ್ಲದ ಗಾಡಿಯನ್ನು ಮಾತ್ರ ನಾನು ಮುಟ್ಟುವುದಿಲ್ಲ.

ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದ ಕೆಲಸ ಬಂದರೆ ಈ ಗಾಡಿಯಲ್ಲಿ ಮೇಲಿನ ಬಾಡಿಯನ್ನೇ ಚಾಸಿಯಿಂದ ಎತ್ತಿ ಮಾಡುವುದು ರೂಢಿ. ಅದಕ್ಕೆ ತಕ್ಕ ಲಿಫ್ಟು ಬೇಕು, ಮುಂಚೆ ಮಾಡಿ ಅಭ್ಯಾಸವಿರುವ ಕೈ ಬೇಕು. ಬೀದಿ ಬದಿಯ ಗ್ಯಾರೇಜಿನಲ್ಲಿ ಆಗುವ ಮಾತಲ್ಲ. ಕೊಳ್ಳುವ ಮುಂಚೆಯೇ ಯಾರ ಹತ್ತಿರ ರಿಪೇರಿ ಮಾಡಿಸುತ್ತೀರಿ ಎಂದು ಗೊತ್ತು ಮಾಡಿಕೊಂಡು, ಆ ಮೆಕ್ಯಾನಿಕ್‌ನನ್ನೇ ಕರೆದುಕೊಂಡು ಹೋಗಿ ಗಾಡಿ ತೋರಿಸಿ. ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ಎರರ್ ಓದುವ ಅವರ ಸ್ಕ್ಯಾನರ್ ಹಾಕಿಸಿ. ‘ಒಂದೂ ಎರರ್ ಇಲ್ಲ’ ಎಂದು ಬಂದರೆ ಖುಷಿಪಡುವ ಮುಂಚೆ, ಗಾಡಿಯ ಸ್ವಯಂ ಪರೀಕ್ಷೆಗಳೆಲ್ಲ ಪೂರ್ಣಗೊಂಡಿವೆಯಾ ಎಂದೂ ಸ್ಕ್ಯಾನರಿನಲ್ಲಿ ನೋಡಿಸಿ. ಹಿಂದಿನ ದಿನ ಎರರ್ ಅಳಿಸಿದ್ದರೆ ಅವು ಅಪೂರ್ಣ ಎಂದು ತೋರಿಸುತ್ತವೆ.

ಗೇರ್ ಬಾಕ್ಸಿಗೆ ಚಾಮುಂಡಿ ಬೆಟ್ಟಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ತಾವರೆಕಟ್ಟೆ ಕಡೆಯಿಂದ ಹತ್ತಿಸಿ. ತಿರುವಿನಲ್ಲಿ ಕಾಲು ತೆಗೆದು ಮತ್ತೆ ಒತ್ತಿದಾಗ ಜರ್ಕ್ ಹೊಡೆಯಬಾರದು. ಮೇಲೆ ಹೋಗಿ ಹತ್ತು ನಿಮಿಷ ಎಂಜಿನ್ ಚಾಲೂ ಇಟ್ಟು ಕೆಳಗೆ ಬಗ್ಗಿ ನೋಡಿ, ಏನಾದರೂ ತೊಟ್ಟಿಕ್ಕುತ್ತಿದೆಯಾ ಎಂದು. ಲೋ ರೇಂಜ್ ಹಾಕಿ ನೋಡಿ. ನಗರದಲ್ಲೇ ಓಡಿದ ಗಾಡಿಯಲ್ಲಿ ಅದನ್ನು ಒಮ್ಮೆಯೂ ಬಳಸದೆ, ಬೇಕಾದಾಗ ಬೀಳದೇ ಹೋಗುವುದುಂಟು. ಈ ಗೇರ್ ಬಾಕ್ಸ್ ಆಯಿಲ್ ಜೀವಮಾನಕ್ಕೆ ಒಂದೇ ಸಲ ಎಂದು ಹೇಳುವವರಿದ್ದಾರೆ, ನಂಬಬೇಡಿ. ಗೇರ್ ಬಾಕ್ಸ್ ತಯಾರಿಸಿದ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ಒಳಗೆ ಬದಲಿಸಿ ಎನ್ನುತ್ತದೆ.

ದೆಹಲಿ ನಂಬರ್ ಏಕೆ ಇಷ್ಟು ಅಗ್ಗ ಎಂದು ಯೋಚಿಸಿದ್ದೀರಾ? 10 ವರ್ಷ ದಾಟಿದ ಡೀಸೆಲ್ ಗಾಡಿಗಳು ದೆಹಲಿ ಸುತ್ತಮುತ್ತ ಓಡಬಾರದು ಎಂದು 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆದೇಶಿಸಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಜಾರಿ ಮಾಡಿ ಎಂದಿತು. ಆಗಿನಿಂದ ಅಲ್ಲಿನ ಡೀಸೆಲ್ ಗಾಡಿಗಳು ನಮ್ಮ ಕಡೆ ಇಳಿಯುತ್ತಿವೆ. ಅಗ್ಗವೇನೋ ನಿಜ, ಆದರೆ ಅದಕ್ಕೆ ಮಂಡ್ಯದ ಕೆಎ-11 ನಂಬರ್ ಹಾಕಿಸಬೇಕಲ್ಲ? ಲೈಫ್ ಟ್ಯಾಕ್ಸ್ ಲೆಕ್ಕ ಹಾಕುವುದು ನೀವು ಕೊಟ್ಟ 13 ಲಕ್ಷದ ಮೇಲಲ್ಲ. ಹೊಸದಾಗಿದ್ದಾಗಿನ ಬೆಲೆ ಹಿಡಿದು, ವಯಸ್ಸಿಗೆ ತಕ್ಕ ಕಡಿತ ಮಾಡಿ ಹಾಕುತ್ತಾರೆ. ಹಳೆಯ ಇನ್‌ವಾಯ್ಸಿನ ಪ್ರತಿ ತರಿಸಿಕೊಂಡು ಮಂಡ್ಯ ಆರ್‌ಟಿಒ ಕಚೇರಿಯಲ್ಲೇ ಲೆಕ್ಕ ಕೇಳಿ, ಅಡ್ವಾನ್ಸ್ ಕೊಡುವ ಮುಂಚೆ. ಫಾರಂ 28ರ ಎನ್‌ಒಸಿ (ಗಾಡಿ ಬೇರೆ ಕಡೆ ಹೋಗಲು ತಕರಾರಿಲ್ಲ ಎಂದು ಹಳೆಯ ಆರ್‌ಟಿಒ ಕೊಡುವ ಪತ್ರ) ಇಲ್ಲದೆ ಒಂದು ರೂಪಾಯಿಯೂ ಬೇಡ. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಆರ್‌ಸಿ ಜೊತೆ ಹೋಲಿಸಿ. ಸಾಲ ತೀರಿದೆಯಾ, ಚಲನ್ ಬಾಕಿ ಇದೆಯಾ ಎಂದು ಸರ್ಕಾರದ ವಾಹನ್, ಇ-ಚಲನ್ ಪೋರ್ಟಲುಗಳಲ್ಲಿ ನೋಡಿ. 2029ಕ್ಕೆ ಗಾಡಿಗೆ 15 ವರ್ಷ ತುಂಬುತ್ತದೆ, ಆಗ ಮತ್ತೆ ಆರ್‌ಸಿ ನವೀಕರಣ, ಹಸಿರು ತೆರಿಗೆ.

ಪ್ರವಾಹದ ನೀರು ಕುಡಿದ ಗಾಡಿಯೋ ಎಂದು ತಿಳಿಯಲು ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಕಾರ್ಪೆಟ್ ತೊಳೆಯುತ್ತಾರೆ, ಸೀಟು ತೊಳೆಯುತ್ತಾರೆ, ಸುರುಳಿಯೊಳಗಿನ ಆ ಕೊನೆಯ ಒಂದಡಿ ಪಟ್ಟಿಯನ್ನು ಯಾರೂ ತೊಳೆಯುವುದಿಲ್ಲ. ಕಂದು ಗೆರೆ ಕಂಡರೆ ಬಿಟ್ಟುಬಿಡಿ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ತೀರ್ಮಾನ: ಈ ಗಾಡಿ ಬೇಡ. ಮೂರನೇ ಓನರ್, ಹೊರ ರಾಜ್ಯದ ತೆರಿಗೆ, ವಯಸ್ಸಾದ ಗಾಳಿ ಚೀಲ. ಸರ್ವಿಸ್ ಬಿಲ್ಲಿನ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಸಾಲೂ ಇಲ್ಲ. ಡಿಸ್ಕವರಿಯೇ ಬೇಕೆಂದರೆ ಕರ್ನಾಟಕದ ನಂಬರಿನ, ಒಬ್ಬರೋ ಇಬ್ಬರೋ ಓಡಿಸಿದ, ಬಿಲ್ಲುಗಳ ಫೈಲು ಜೊತೆಗಿರುವ ಗಾಡಿಗೆ ಕಾಯಿರಿ. ಎರಡು ಲಕ್ಷ ಹೆಚ್ಚು ಕೊಟ್ಟರೂ ಅದೇ ಅಗ್ಗ.

ನಿಮ್ಮ ಕೆಸರಿನ ಕಷ್ಟ ಮಾತ್ರ ನೋಡುವುದಾದರೆ, 2016ಕ್ಕೆ ಮುಂಚಿನ ಟೊಯೋಟ ಫಾರ್ಚೂನರ್, 3.0 ಡೀಸೆಲ್, ಫೋರ್ ವೀಲ್ ಡ್ರೈವ್ ಇರುವುದೇ ಆಗಬೇಕು, ಅದನ್ನು ಹುಡುಕಿ. ಅದಕ್ಕೂ ಟೈಮಿಂಗ್ ಬೆಲ್ಟೇ, 1,50,000 ಕಿ.ಮೀ.ಗೆ ಬದಲಿಸಬೇಕು. ಆದರೆ ಸಸ್ಪೆನ್ಷನ್ನಿಗೆ ಕಬ್ಬಿಣದ ಸ್ಪ್ರಿಂಗು, ರಿಪೇರಿಗೆ ಮಂಡ್ಯದಲ್ಲೇ ಕೈಗಳಿವೆ. ಹತ್ತಲು ಎತ್ತರ ಎನ್ನುವುದು ನಿಜ. ಅಮ್ಮನಿಗೆ ಅಗಲವಾದ ಮೆಟ್ಟಿಲೊಂದನ್ನು ಬಾಗಿಲ ಕೆಳಗೆ ಕೂರಿಸಿ, ಹಿಡಿದುಕೊಳ್ಳಲು ಒಳಗೊಂದು ಹಿಡಿ ಹಾಕಿಸಿ. ಟೈರು ಕೆಸರಿಗೆ ಹೊಂದುವ ಒರಟು ಹಲ್ಲಿನದಿರಲಿ, ನಾಲ್ಕೂ ಒಂದೇ ಅಳತೆ, ಒಂದೇ ಸವೆತದ್ದು. ನಯವಾದ ಟೈರಿದ್ದರೆ ನಾಲ್ಕೂ ಚಕ್ರ ಒಟ್ಟಿಗೇ ಜಾರುತ್ತವೆ.

ಯಾವ ಗಾಡಿಯಾದರೂ, ಮಳೆ ಬಂದ ದಿನ, ಅದರ ಮರುದಿನ ಏರಿ ಮೇಲೆ ಹೋಗಬೇಡಿ. ಡಿಸ್ಕವರಿ ಎರಡೂವರೆ ಟನ್ ತೂಗುತ್ತದೆ, ನೆನೆದ ಏರಿಯ ಅಂಚು ಅಷ್ಟು ಭಾರ ತಡೆಯುವುದಿಲ್ಲ. 2018ರಲ್ಲಿ ಕನಗನಮರಡಿ ಹತ್ತಿರ ವಿ.ಸಿ. ನಾಲೆಗೆ ಬಸ್ ಬಿದ್ದು 30 ಜೀವ ಹೋದದ್ದು ನಮ್ಮ ಕಡೆಯ ಯಾರೂ ಮರೆತಿಲ್ಲ. ಆ ಎರಡು ದಿನ ಟ್ರಾಕ್ಟರೇ ಇರಲಿ.

ಪ್ರಶ್ನೆ: ಮೈಸೂರು ಸರಸ್ವತೀಪುರಂನಿಂದ ಬರೆಯುತ್ತಿದ್ದೇನೆ. ಕಳೆದ ವರ್ಷ 2020ರ ಬಿಎಸ್6 ಡೀಸೆಲ್ ಎಸ್‌ಯುವಿ, ಜರ್ಮನ್ ಕಂಪನಿಯದು, ಸೆಕೆಂಡ್ ಹ್ಯಾಂಡ್ ಕೊಂಡೆವು. ಮಕ್ಕಳನ್ನು ಶಾಲೆಗೆ ಬಿಡಲು, ತರಲು ನಾನೇ ಓಡಿಸುತ್ತೇನೆ, ನಾಲ್ಕು ಕಿ.ಮೀ. ಮೂರು ತಿಂಗಳಿಂದ ಹೊಗೆಯ ಮಸಿ ಹಿಡಿಯುವ ಫಿಲ್ಟರಿನ (ಡಿಪಿಎಫ್) ಲೈಟು ಮತ್ತೆ ಮತ್ತೆ ಬರುತ್ತಿದೆ. ಫಿಲ್ಟರ್ ತೆಗೆಸಿಬಿಡಿ ಮೇಡಂ ಎಂದು ಒಬ್ಬ ಮೆಕ್ಯಾನಿಕ್ ಹೇಳುತ್ತಾರೆ. ತೆಗೆಸಲೇ?

ಉತ್ತರ: ತೆಗೆಸಬೇಡಿ ಮೇಡಂ. ತೆಗೆಸಿದರೆ ಹೊಗೆ ಪರೀಕ್ಷೆಯಲ್ಲೂ ತೊಂದರೆ, ಮುಂದೆ ಮಾರುವಾಗಲೂ ತೊಂದರೆ. ಆ ಹೊಗೆ ಉಸಿರಾಡುವವರು ನಿಮ್ಮ ಮಕ್ಕಳ ಶಾಲೆಯ ಗೇಟಿನಲ್ಲೇ ನಿಂತಿರುತ್ತಾರೆ.

ನಿಮ್ಮ ಗಾಡಿಗೆ ಬಂದಿರುವುದು ಕಾಯಿಲೆಯಲ್ಲ, ನಾಲ್ಕು ಕಿ.ಮೀ. ಓಡಾಟ. ಡೀಸೆಲ್ಲಿನ ಮಸಿ ಆ ಫಿಲ್ಟರಿನಲ್ಲಿ ಕೂರುತ್ತದೆ, ಫಿಲ್ಟರ್ ಚೆನ್ನಾಗಿ ಕಾದಾಗ ಅದು ಸುಟ್ಟು ಹೋಗುತ್ತದೆ. ನೀವು ಶಾಲೆ ಮುಟ್ಟುವಷ್ಟರಲ್ಲಿ ಎಂಜಿನ್ನೇ ಸರಿಯಾಗಿ ಕಾದಿರುವುದಿಲ್ಲ. ಲೈಟು ಬಂದ ದಿನವೇ ಎಕ್ಸ್‌ಪ್ರೆಸ್‌ವೇ ಹಿಡಿದು ಮಂಡ್ಯದ ಕಡೆ ಅರ್ಧ ಗಂಟೆ, ಎಲ್ಲೂ ನಿಲ್ಲಿಸದೆ, 80ರ ಆಸುಪಾಸಿನಲ್ಲಿ ಒಂದು ಗೇರ್ ಕಡಿಮೆ ಇಟ್ಟು ಓಡಿಸಿ. ಲೈಟು ಆರುವ ಮುಂಚೆ ಎಂಜಿನ್ ಆಫ್ ಮಾಡಬೇಡಿ. ಆರಲಿಲ್ಲ, ಅಥವಾ ಲೈಟಿನ ಜೊತೆಗೆ ಗಾಡಿ ಎಳೆಯುವುದೂ ಕಡಿಮೆಯಾಯಿತು ಎಂದರೆ ಮುಂದೆ ಓಡಿಸದೆ ವರ್ಕ್‌ಶಾಪಿಗೆ ಒಯ್ಯಿರಿ, ಅಲ್ಲಿ ಯಂತ್ರ ಹಾಕಿ ಮಸಿ ಸುಡಿಸುತ್ತಾರೆ.

ಇನ್ನೊಂದು, ಇದನ್ನು ಇವತ್ತೇ ನೋಡಿ. ಎಂಜಿನ್ ಆಯಿಲ್ಲಿನ ಮಟ್ಟ ಮೇಲಿನ ಗೆರೆ ದಾಟಿದೆಯಾ? ಅರ್ಧಕ್ಕೇ ನಿಂತ ಪ್ರತಿ ಸುಡುವಿಕೆಯಲ್ಲೂ ಸ್ವಲ್ಪ ಡೀಸೆಲ್ ಆಯಿಲ್ಲಿಗೆ ಇಳಿಯುತ್ತದೆ. ದಾಟಿದ್ದರೆ ಆಯಿಲ್ ತೆಳುವಾಗಿದೆ ಎಂದರ್ಥ, ಕೂಡಲೇ ಬದಲಿಸಿ, ಬೂದಿ ಕಡಿಮೆ ಬಿಡುವ ದರ್ಜೆಯ ಆಯಿಲ್ಲನ್ನೇ ಹಾಕಿಸಿ. ನಿಮ್ಮ ಓಡಾಟ ಮುಂದೆಯೂ ಇಷ್ಟೇ ಎನ್ನುವುದಾದರೆ ಈ ಗಾಡಿ ಮಾರಿ ಪೆಟ್ರೋಲ್ ಗಾಡಿ ತೆಗೆದುಕೊಳ್ಳುವುದು ವಾಸಿ.