ಖಾಲಿ ಮಾಡುವ ಮೊದಲು ಪಟ್ಟಿ ಮಾಡಿ

ಸಂಪಾದಕರ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಒಂದಕ್ಕೆ ಎರಡು ಸಾಲಿನ ಉತ್ತರ ಸಾಲದು ಅನಿಸಿತು. ಬರೆದವರು ನಮ್ಮ ರಾಜ್ಯದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಇತಿಹಾಸದಲ್ಲಿ ಪಿಎಚ್‌ಡಿ ಮಾಡುತ್ತಿರುವ ವಿದ್ಯಾರ್ಥಿನಿ. 1974ರ ಭೂಸುಧಾರಣೆಯ ಸುತ್ತಮುತ್ತ ಗೇಣಿದಾರರ ಬಗ್ಗೆ ಕನ್ನಡ ಪತ್ರಿಕೆಗಳು ಏನು ಬರೆದವು ಅನ್ನುವುದು ಅವರ ವಿಷಯ. ರಜೆ ಮುಗಿಸಿ ಬಂದು ನೋಡಿದರೆ ಲೈಬ್ರರಿಯ ನಿಯತಕಾಲಿಕಗಳ ಹಾಲ್‌ನಲ್ಲಿ ರ‍್ಯಾಕುಗಳೇ ಇಲ್ಲ. ಅಲ್ಲಿ ಈಗ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಮೇಜು, ಕುರ್ಚಿ. ಬೈಂಡ್ ಮಾಡಿದ ಹಳೇ ಸಂಪುಟಗಳೆಲ್ಲ ನೆಲಮಾಳಿಗೆಗೆ ಹೋಗಿವೆ. ಅದಕ್ಕೆ ಬೀಗ. ಜನವರಿವರೆಗೆ ತೆರೆಯುತ್ತಿದ್ದ ಒಂದು ಡೇಟಾಬೇಸ್ ಕೂಡ ಈಗ ಪಾಸ್‌ವರ್ಡ್ ಕೇಳುತ್ತಿದೆ. ವಿಚಾರಿಸಿದರೆ ಸಿಕ್ಕ ಉತ್ತರ: "ಎಲ್ಲಾ ಆನ್‌ಲೈನ್ ಇದೆಯಲ್ಲಮ್ಮಾ, ಹಳೇ ಕಾಗದ ಯಾಕೆ?" ಪತ್ರದ ಕೊನೆಯಲ್ಲಿ ಅವರು ಕೇಳಿದ್ದಾರೆ: "ನಾನು ಕೇಳುತ್ತಿರುವುದೇ ತಪ್ಪಾ ಸರ್?"

ವಿಶ್ವವಿದ್ಯಾಲಯದ ಹೆಸರನ್ನು ಇಲ್ಲಿ ಹಾಕಿಲ್ಲ. ಇದು ಒಂದೇ ಕಡೆಯ ಕಥೆ ಅಲ್ಲ.

ತಪ್ಪಲ್ಲಮ್ಮ. ನೀವು ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ನಿಮ್ಮ ಪತ್ರದ ಒಂದು ಸಾಲನ್ನು ಮಾತ್ರ ನಾನು ಒಪ್ಪುವುದಿಲ್ಲ. "ಗೈಡ್ ಪುಸ್ತಕ ಓದುವವರಿಗಾಗಿ ಜರ್ನಲ್‌ಗಳನ್ನು ಓಡಿಸಿದರು" ಎಂದು ಬರೆದಿದ್ದೀರಿ. ಆ ಮೇಜಿನಲ್ಲಿ ಕೂತವರು ಯಾರು ಅಂತ ಒಮ್ಮೆ ನೋಡಿ. ಹಾಸ್ಟೆಲಿನ ಒಂದು ಕೋಣೆಯಲ್ಲಿ ನಾಲ್ಕೈದು ಜನ ಇರುವ ಹುಡುಗಿಯರು. ಮನೆಯಲ್ಲಿ ಓದಲು ಒಂದು ಮೂಲೆಯೂ ಇಲ್ಲದವರು. ಅವರಿಗೆ ಬೇಕಾದದ್ದು ಬೆಳಕು, ಫ್ಯಾನು, ಒಂದು ಪ್ಲಗ್ ಪಾಯಿಂಟ್, ಸ್ವಚ್ಛ ಶೌಚಾಲಯ, ಸಂಜೆ ಹೊತ್ತು ಯಾರೂ ಎಬ್ಬಿಸದ ಜಾಗ. ಇದನ್ನು ಕೊಡುವುದು ವಿಶ್ವವಿದ್ಯಾಲಯದ ಗ್ರಂಥಾಲಯದ ಕೆಲಸವೇ. ಅವರು ಲೈಬ್ರರಿಯ ಪುಸ್ತಕ ಮುಟ್ಟುವುದಿಲ್ಲ ಎಂಬ ದೂರು ಹಳೆಯದು. ಇರಲಿ, ಓದುತ್ತಿದ್ದಾರಲ್ವಾ. ಕುರ್ಚಿಗಳು ಬೇಕು, ಅದಕ್ಕೆ ಜಾಗ ಬೇಕು. ಆ ಜಾಗಕ್ಕಾಗಿ ಯಾವುದನ್ನು ಎತ್ತಿಟ್ಟರು, ಯಾವ ಲೆಕ್ಕದ ಮೇಲೆ ಎತ್ತಿಟ್ಟರು ಅನ್ನುವುದಷ್ಟೇ ನನ್ನ ತಕರಾರು.

"ಎಲ್ಲಾ ಆನ್‌ಲೈನ್ ಇದೆ" ಎಂಬ ಮಾತಿನಲ್ಲಿ ನಿಜವೂ ಇದೆ. ಕೇಂದ್ರ ಸಂಪುಟ 2024ರ ನವೆಂಬರ್ 25ರಂದು 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025, 2026, 2027 ಈ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ದೊಡ್ಡ ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು, 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಿಗೆ. ಗಾಂಧಿನಗರದಲ್ಲಿರುವ, ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ ಕೇಂದ್ರವಾದ ಇನ್‌ಫ್ಲಿಬ್‌ನೆಟ್ ಇದನ್ನು ನೋಡಿಕೊಳ್ಳುತ್ತದೆ. ರಾಜ್ಯ ಸರ್ಕಾರದ ವಿಶ್ವವಿದ್ಯಾಲಯಗಳೂ ಇದರೊಳಗೆ ಬರುತ್ತವೆ. ರಸಾಯನಶಾಸ್ತ್ರದ ಒಂದೊಂದು ಜರ್ನಲ್ಲಿಗೂ ಲಕ್ಷಗಟ್ಟಲೆ ಚಂದಾ ಕಟ್ಟಲಾಗದೆ ಕೈಚೆಲ್ಲಿದ್ದ ಸಣ್ಣ ವಿಶ್ವವಿದ್ಯಾಲಯಗಳಿಗೆ ಇದು ದೊಡ್ಡ ಅನುಕೂಲ. ನಿಮ್ಮ ಕ್ಯಾಂಪಸ್ಸಿನ ವಿಜ್ಞಾನ ವಿಭಾಗದವರನ್ನು ಕೇಳಿ, ಖುಷಿಯಿಂದಲೇ ಹೇಳುತ್ತಾರೆ.

ಆದರೆ ಆ ಪಟ್ಟಿ ಮಾಡಿದ್ದು ಕನ್ನಡದ ಹಳೇ ಪತ್ರಿಕೆಗಳನ್ನು ಮನಸ್ಸಿನಲ್ಲಿಟ್ಟುಕೊಂಡಲ್ಲ. ಅದರಲ್ಲಿ ಅವನ್ನು ಹುಡುಕುವುದು ಸುಮ್ನೆ ಕಾಲ ಕಳೆದಂತೆ. ಪ್ರಶ್ನೆ ಕಾಗದವೋ ಸ್ಕ್ರೀನೋ ಅನ್ನುವುದಲ್ಲ. ಈ ವಸ್ತು ಬೇರೆ ಎಲ್ಲಾದರೂ ಇದೆಯಾ ಅನ್ನುವುದು.

ನಿಮ್ಮ ವಿಷಯವನ್ನೇ ತಗೊಳ್ಳಿ. 1974ರ ಭೂಸುಧಾರಣೆಯ ಬಗ್ಗೆ ಆ ಕಾಲದ 'ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ'ಯ ಲೇಖನ ನೋಡಬೇಕು ಅಂದುಕೊಳ್ಳಿ. ಅದರ ಹಳೇ ಸಂಚಿಕೆಗಳು ಜರ್ನಲ್‌ಗಳ ಆನ್‌ಲೈನ್ ಭಂಡಾರವಾದ ಜೆಸ್ಟೋರ್‌ನಲ್ಲಿವೆ. ಪುಟಪುಟವೂ ಇದೆ, ಪದ ಹಾಕಿ ಹುಡುಕಬಹುದು. ಅದರ ಕಾಗದದ ಸಂಪುಟ ದೇಶದ ಎಷ್ಟೋ ಗ್ರಂಥಾಲಯಗಳಲ್ಲೂ ಇದೆ. ಅದನ್ನು ಕೆಳಗೆ ಇಳಿಸಿದರೆ ನಿಮಗೆ ದೊಡ್ಡ ನಷ್ಟ ಇಲ್ಲ. ಈಗ ಅದೇ ವರ್ಷದ ಒಂದು ಕನ್ನಡ ವಾರಪತ್ರಿಕೆ ಅಥವಾ ಜಿಲ್ಲಾ ಪತ್ರಿಕೆಯ ಬೈಂಡ್ ಸಂಪುಟ ಕೈಗೆತ್ತಿಕೊಳ್ಳಿ. ಅದರ ಬೆನ್ನಿನ ಮೇಲೆ ಕೈಬರಹದಲ್ಲಿ ಹೆಸರು, ವರ್ಷ. ಒಳಗೆ ಅಕ್ಸೆಷನ್ ನಂಬರಿನ, ಅಂದರೆ ಗ್ರಂಥಾಲಯದ ರಿಜಿಸ್ಟರಿನ ಕ್ರಮಸಂಖ್ಯೆಯ ಮೊಹರು. ಮಧ್ಯೆ ಎರಡು ಸಂಚಿಕೆ ಇಲ್ಲ, ಬೈಂಡ್ ಮಾಡಿದವರು ಆ ಜಾಗದಲ್ಲಿ ಚೀಟಿ ಅಂಟಿಸಿದ್ದಾರೆ. ಟ್ರಿಬ್ಯೂನಲ್‌ಗೆ ಅರ್ಜಿ ಹಾಕಿದ ಗೇಣಿದಾರನ ಕಷ್ಟ ಓದುಗರ ಪತ್ರದಲ್ಲಿದೆ. ಪಕ್ಕದ ಕಾಲಮ್ಮಿನಲ್ಲಿ ಪಂಪ್‌ಸೆಟ್ಟಿನ ಜಾಹೀರಾತು, ಕೋರ್ಟ್ ನೋಟಿಸು. ಇತಿಹಾಸ ಬರೆಯುವವರಿಗೆ ಲೇಖನದಷ್ಟೇ ಇದೂ ಮುಖ್ಯ. ಎಷ್ಟೋ ಗ್ರಂಥಾಲಯಗಳಲ್ಲಿ ಬೈಂಡ್ ಮಾಡುವಾಗ ಮುಖಪುಟ, ಜಾಹೀರಾತು ಪುಟ ಕಿತ್ತುಹಾಕುವ ರೂಢಿ ಇತ್ತು. ಹಾಗಾಗಿ ಇನ್ನೊಂದು ಊರಲ್ಲಿ ಅದೇ ಸಂಪುಟ ಇದ್ದರೂ ಅದೂ ಇದೂ ಒಂದೇ ಅಂತ ಕಣ್ಣುಮುಚ್ಚಿ ಹೇಳಲಾಗದು. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಕನ್ನಡದ ಹಳೇ ಪತ್ರಿಕೆಗಳ ಕೆಲವು ಸ್ಕ್ಯಾನ್‌ಗಳಿವೆ. ಇದ್ದಷ್ಟು ಉಪಕಾರ. ಆದರೆ ಒಂದು ಪತ್ರಿಕೆಯ ವರ್ಷಗಳ ಸಾಲು ಪೂರ್ತಿ ಬೇಕೆಂದರೆ ಮತ್ತೆ ಕಾಗದದ ಹತ್ತಿರವೇ ಬರಬೇಕು.

ನಿಮ್ಮ ಗ್ರಂಥಾಲಯ ಈ ಎರಡೂ ಸಂಪುಟಗಳನ್ನು ಒಂದೇ ದಿನ ಒಂದೇ ಗಾಡಿಯಲ್ಲಿ ಕೆಳಗೆ ಕಳಿಸಿದೆ. ತಪ್ಪಾಗಿರುವುದು ಅಲ್ಲಿ.

ಯಾಕೆ ಹೀಗಾಯಿತು? "ಯಾರೂ ಬಳಸುತ್ತಿರಲಿಲ್ಲ" ಎಂದು ನಿಮಗೆ ಹೇಳಿದ್ದಾರಂತೆ. ಆ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಬೈಂಡ್ ಮಾಡಿದ ನಿಯತಕಾಲಿಕಗಳನ್ನು ನಮ್ಮಲ್ಲಿ ಸಾಮಾನ್ಯವಾಗಿ ಮನೆಗೆ ಕೊಡುವುದಿಲ್ಲ. ಅಲ್ಲೇ ಕೂತು ಓದಬೇಕು, ನೋಟ್ಸ್ ಮಾಡಿಕೊಳ್ಳಬೇಕು, ಮೇಜಿನ ಮೇಲೆ ಬಿಟ್ಟು ಬರಬೇಕು. ಸಂಜೆ ಅಟೆಂಡರ್ ಅದನ್ನು ಎತ್ತಿ ರ‍್ಯಾಕಿಗೆ ಸೇರಿಸುತ್ತಾರೆ. ಎಲ್ಲೂ ದಾಖಲಾಗುವುದಿಲ್ಲ. ನೀವು ತಿಂಗಳುಗಟ್ಟಲೆ ಬಂದು ಓದಿದ್ದರೂ ಕಂಪ್ಯೂಟರಿನ ಲೆಕ್ಕದಲ್ಲಿ ಆ ಸಂಪುಟದ ಬಳಕೆ ಸೊನ್ನೆ. ಇನ್ನೊಂದು ಕಡೆ ಆನ್‌ಲೈನ್ ಜರ್ನಲ್ಲಿಗೆ ಪ್ರತಿ ಡೌನ್‌ಲೋಡಿನ ಲೆಕ್ಕವೂ ತಿಂಗಳು ತಿಂಗಳು ತಾನಾಗಿ ಬರುತ್ತದೆ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಸಭೆಯಲ್ಲಿ ತೋರಿಸಿದರೆ ಯಾವ ಕುಲಪತಿಯಾದರೂ ರ‍್ಯಾಕು ತೆಗೆಯಿರಿ ಎನ್ನುತ್ತಾರೆ. ಮೇಜಿನ ಮೇಲೆ ಉಳಿದ ಸಂಪುಟಗಳನ್ನು ರ‍್ಯಾಕಿಗೆ ಸೇರಿಸುವ ಮೊದಲು ಒಂದು ವರ್ಷ ಎಣಿಸಿದ್ದರೆ ಸಾಕಿತ್ತು. ಅದಕ್ಕೆ ಒಂದು ನೋಟ್‌ಬುಕ್ಕು, ಒಂದು ಪೆನ್ನು. ಅಷ್ಟೇ ಖರ್ಚು.

ಮಾನವಿಕ ವಿಷಯಗಳಲ್ಲಿ ಬಳಕೆಯ ಅಂಕಿಯೇ ಕಡಿಮೆ ಇರುತ್ತದೆ, ಅದು ಇನ್ನೊಂದು ಮಾತು. ಒಬ್ಬರೇ ಒಬ್ಬರು ಒಂದು ಸಂಪುಟ ನೋಡಿ ಒಂದು ಅಧ್ಯಾಯ ಬರೆಯುತ್ತಾರೆ. ಆ ಒಂದನ್ನು ಸಾವಿರ ಡೌನ್‌ಲೋಡಿನ ಎದುರು ತೂಗುವುದು ಸರಿಯಲ್ಲ.

ಇನ್ನು ನೆಲಮಾಳಿಗೆ. ಗ್ರಂಥಪಾಲಕರ ಮೇಲೆ ನಿಮಗೆ ಸಿಟ್ಟಿದೆ. ಅವರ ಕಷ್ಟವನ್ನೂ ತಿಳಿದುಕೊಳ್ಳಿ. ನಮ್ಮಲ್ಲಿ ಪುಸ್ತಕ ಅಂದರೆ ರಿಜಿಸ್ಟರಿನಲ್ಲಿ ಬರೆದ ಸರ್ಕಾರಿ ಆಸ್ತಿ. ಒಂದು ಕಮ್ಮಿಯಾದರೆ ಆಡಿಟ್‌ನಲ್ಲಿ ಪ್ರಶ್ನೆ ಬರುತ್ತದೆ, ನಿವೃತ್ತಿ ಹೊತ್ತಿಗೆ ಅದು ಕೊರಳಿಗೆ ಸುತ್ತಿಕೊಳ್ಳುತ್ತದೆ ಎಂಬ ಭಯ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಈ ವಿಷಯದಲ್ಲಿ ಸಾಕಷ್ಟು ಸಡಿಲವಾಗಿವೆ. ವರ್ಷದಲ್ಲಿ ಓದಲು ಕೊಟ್ಟ ಅಥವಾ ಅಲ್ಲೇ ನೋಡಿದ ಪ್ರತಿ 1,000 ಸಂಪುಟಕ್ಕೆ 5 ಕಳೆದರೆ ಅದು ಸಹಜ ಎಂದು ಅಲ್ಲಿ ಬರೆದಿದೆ. ಬೆಲೆಬಾಳುವ, ಅಪರೂಪದ ಪುಸ್ತಕ ಹೋದರೆ ವಿಚಾರಣೆ ಆಗಲೇಬೇಕು. ಇದು ರಾಜ್ಯದ ವಿಶ್ವವಿದ್ಯಾಲಯಕ್ಕೆ ನೇರವಾಗಿ ಅನ್ವಯಿಸುವುದಿಲ್ಲ, ಭಯವಂತೂ ಎಲ್ಲ ಕಡೆ ಒಂದೇ. ಅದರ ಫಲ ಏನೆಂದರೆ, ಜೆಸ್ಟೋರ್‌ನಲ್ಲಿ ಸಿಗುವ ಇಂಗ್ಲಿಷ್ ಜರ್ನಲ್ಲಿನ ಎರಡನೇ ಪ್ರತಿಯನ್ನೂ ಯಾರೂ ರಿಜಿಸ್ಟರಿನಿಂದ ತೆಗೆದುಹಾಕುವುದಿಲ್ಲ. ಎಲ್ಲವನ್ನೂ ಇಟ್ಟುಕೊಳ್ಳುತ್ತಾರೆ, ಎಲ್ಲವೂ ಕೆಳಗೆ ಹೋಗುತ್ತದೆ. ಕಾಗದದ ಮೇಲೆ "ಇದೆ". ಓದುಗರ ಕೈಗೆ ಇಲ್ಲ. ಮಳೆಗಾಲದ ಥಂಡಿ, ಗೆದ್ದಲು, ಇಲಿ ಇವುಗಳ ಮಧ್ಯೆ ನಿಮ್ಮ ವಾರಪತ್ರಿಕೆಯೂ ಅದೇ ರಾಶಿಯಲ್ಲಿ ಬಿದ್ದಿರುತ್ತದೆ. ಬೇಡವಾದದ್ದನ್ನು ಬಿಡುವ ಧೈರ್ಯ ಇಲ್ಲದ ಗ್ರಂಥಾಲಯ ಬೇಕಾದದ್ದನ್ನು ಕಾಪಾಡುವುದೂ ಕಷ್ಟ ಎಂದು ನನಗನ್ನಿಸುತ್ತದೆ.

ಇದಕ್ಕೆ ಬೇರೆಯವರು ದಾರಿ ಕಂಡುಕೊಂಡಿದ್ದಾರೆ. ಬ್ರಿಟನ್ನಿನ ವಿಶ್ವವಿದ್ಯಾಲಯಗಳು ಬ್ರಿಟಿಷ್ ಲೈಬ್ರರಿಯ ಜೊತೆ ಸೇರಿ 2007ರಲ್ಲಿ 'ಯುಕೆ ರಿಸರ್ಚ್ ರಿಸರ್ವ್' ಶುರುಮಾಡಿದವು. ಕಾಗದದ ಜರ್ನಲ್ ಯಾವುದನ್ನಾದರೂ ಹೊರಹಾಕುವ ಮೊದಲು ಪಟ್ಟಿ ಕಳಿಸಬೇಕಿತ್ತು. ದೇಶದಲ್ಲಿ ಕನಿಷ್ಠ 3 ಪ್ರತಿ ಉಳಿಯುತ್ತವೆ, ಅದರಲ್ಲಿ ಒಂದು ಬ್ರಿಟಿಷ್ ಲೈಬ್ರರಿಯಲ್ಲಿರುತ್ತದೆ ಎಂದು ಖಾತ್ರಿಯಾದ ಮೇಲೆಯೇ ನಾಲ್ಕನೆಯದನ್ನು ಬಿಡಬಹುದಿತ್ತು. ಉಳಿದಿರುವುದು ಕಡಿಮೆ ಇದ್ದರೆ ತನ್ನ ಪ್ರತಿಯನ್ನು ಆ ವಿಶ್ವವಿದ್ಯಾಲಯ ಇಟ್ಟುಕೊಳ್ಳಲೇಬೇಕಿತ್ತು. ನಮ್ಮ ಮೈಸೂರು, ಧಾರವಾಡ, ಬೆಂಗಳೂರು, ಕಲಬುರಗಿ, ಮಂಗಳೂರು, ಹಂಪಿಯ ವಿಶ್ವವಿದ್ಯಾಲಯಗಳು ಕನ್ನಡ ನಿಯತಕಾಲಿಕಗಳಿಗೆ ಮಾತ್ರ ಇಂಥದ್ದೊಂದು ಒಪ್ಪಂದ ಮಾಡಿಕೊಂಡರೂ ಸಾಕು. 1919ರಲ್ಲಿ ಶುರುವಾದ 'ಪ್ರಬುದ್ಧ ಕರ್ಣಾಟಕ'ದ ಎಲ್ಲ ಸಂಪುಟಗಳು ಯಾರ ಹತ್ತಿರ ಇವೆ, ಧಾರವಾಡದ 'ಜಯ ಕರ್ನಾಟಕ'ದ ಯಾವ ವರ್ಷ ಎಲ್ಲಿ ತಪ್ಪಿದೆ ಎಂದು ಒಂದೇ ಪಟ್ಟಿಯಲ್ಲಿ ಸಿಗುವಂತಾದರೆ ಎಷ್ಟು ಜನರ ಓಡಾಟ ತಪ್ಪುತ್ತದೆ!

ಜೆಸ್ಟೋರ್ ಹುಟ್ಟಿದ್ದೂ ಜಾಗದ ಸಮಸ್ಯೆಯಿಂದಲೇ. 1990ರ ದಶಕದಲ್ಲಿ ಮೆಲನ್ ಫೌಂಡೇಶನ್ ಎಂಬ ದತ್ತಿ ಸಂಸ್ಥೆಯ ಅಧ್ಯಕ್ಷರಾಗಿದ್ದ ವಿಲಿಯಂ ಬೋವೆನ್ ಅಮೆರಿಕದ ಡೆನಿಸನ್ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಲ್ಲೂ ಇದ್ದರು. ಅಲ್ಲಿ ಲೈಬ್ರರಿ ಕಟ್ಟಡ ದೊಡ್ಡದು ಮಾಡಬೇಕೆಂಬ ಬೇಡಿಕೆ ಬಂತು. ಪ್ರತಿ ಕಾಲೇಜೂ ಅದೇ ಜರ್ನಲ್ಲುಗಳಿಗೆ ಗೋಡೆ ಕಟ್ಟುತ್ತಾ ಹೋಗುವ ಬದಲು ಒಂದು ಸಲ ಸ್ಕ್ಯಾನ್ ಮಾಡಿ ಹಂಚಿಕೊಂಡರೆ ಆಗದೇ ಎಂದು ಅವರು ಯೋಚಿಸಿದರು. ಗಮನಿಸಿ, ಮೊದಲು ಸ್ಕ್ಯಾನು, ಆಮೇಲೆ ರ‍್ಯಾಕು ಖಾಲಿ. ನಿಮ್ಮಲ್ಲಿ ಕ್ರಮ ಉಲ್ಟಾ ಆಗಿದೆ.

ನಿಂತುಹೋದ ಡೇಟಾಬೇಸಿನ ವಿಷಯಕ್ಕೆ ಬರೋಣ. ಹೊಸ ಯೋಜನೆ ಬಂದ ಮೇಲೆ ಹಳೇ ಚಂದಾಗಳನ್ನು ಪರಿಶೀಲಿಸುವುದು ಸಹಜ. ಒಂದೇ ಜರ್ನಲ್ಲಿಗೆ ಎರಡು ಕಡೆ ದುಡ್ಡು ಕೊಡಬಾರದು. ಆದರೆ ಚಂದಾ ಅಂದರೆ ಹೆಚ್ಚಿನ ಸಲ ಬಾಡಿಗೆ. ಕಟ್ಟುವುದು ನಿಲ್ಲಿಸಿದ ದಿನ ಬಾಗಿಲು ಮುಚ್ಚುತ್ತದೆ, ಹಳೇ ವರ್ಷಗಳೂ ಹೋಗುತ್ತವೆ. ಕೆಲವು ಒಪ್ಪಂದಗಳಲ್ಲಿ ಮಾತ್ರ ದುಡ್ಡು ಕೊಟ್ಟ ವರ್ಷಗಳ ಸಂಚಿಕೆ ಶಾಶ್ವತವಾಗಿ ಸಿಗುತ್ತದೆ ಎಂಬ ಷರತ್ತು ಇರುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2019ರ ಫೆಬ್ರವರಿಯಲ್ಲಿ ಜರ್ನಲ್ ಪ್ರಕಟಿಸುವ ಎಲ್ಸೆವಿಯರ್ ಕಂಪನಿಯ ಜೊತೆ ಮಾತುಕತೆ ಮುರಿದುಕೊಂಡಿತು. ಹೊಸ ಒಪ್ಪಂದ ಆದದ್ದು 2021ರ ಮಾರ್ಚಿನಲ್ಲಿ. ನಡುವಿನ ಆ ಎರಡು ವರ್ಷ ಅಲ್ಲಿನ ಸಂಶೋಧನೆ ನಿಲ್ಲಲಿಲ್ಲ. ಹಳೇ ಸಂಚಿಕೆಗಳಲ್ಲಿ ಬಹುಪಾಲಿನ ಮೇಲೆ ಶಾಶ್ವತ ಹಕ್ಕು ಇತ್ತು. ಮಾತುಕತೆ ಮುರಿಯುವ ಸಾಧ್ಯತೆಯನ್ನು ಅಧ್ಯಾಪಕರಿಗೆ ಮೊದಲೇ ತಿಳಿಸಿದ್ದರು. ಹೊಸ ಲೇಖನ ಬೇಕಾದರೆ ಬೇರೆ ಯಾವ ದಾರಿಯಲ್ಲಿ ತರಿಸಬಹುದು ಎಂದೂ ಬರೆದು ಹಂಚಿದ್ದರು. ನಿಮಗೆ ಪಾಸ್‌ವರ್ಡ್ ಕೇಳುವ ಪರದೆ ಕಂಡ ಮೇಲೆ ವಿಷಯ ಗೊತ್ತಾಯಿತು. ದುಡ್ಡಿನ ಕೊರತೆಗಿಂತ ಈ ಮೌನ ನನಗೆ ಜಾಸ್ತಿ ಬೇಸರ ತರಿಸುತ್ತದೆ.

ನಮ್ಮ ದೇಶದ ಗ್ರಂಥಾಲಯ ವಿಜ್ಞಾನಕ್ಕೆ ಬುನಾದಿ ಹಾಕಿದ ಎಸ್. ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಇಲ್ಲೇ ಆ ವಿಷಯದ ತರಬೇತಿ, ಸಂಶೋಧನಾ ಕೇಂದ್ರವಾದ ಡಿಆರ್‌ಟಿಸಿ ಕಟ್ಟಿದರು. ಗ್ರಂಥಾಲಯಗಳಿಗೆ ಅವರು 1931ರಲ್ಲಿ ಕೊಟ್ಟ ಐದು ಸೂತ್ರಗಳಲ್ಲಿ ಕೊನೆಯದು, ಗ್ರಂಥಾಲಯ ಬೆಳೆಯುತ್ತಲೇ ಇರುವ ಜೀವಿ ಎಂಬುದು. ಬದಲಾವಣೆ ಮಾಡುವವರು ಅದನ್ನೇ ಹೇಳುತ್ತಾರೆ. ಅದಕ್ಕೂ ಮೊದಲಿನ ನಾಲ್ಕನೇ ಸೂತ್ರ, ಓದುಗರ ಸಮಯ ಉಳಿಸಿ ಎನ್ನುವುದು. ಬೀಗದ ಕೈ ಯಾರ ಹತ್ತಿರ ಇದೆ ಎಂದು ಹುಡುಕುತ್ತಾ ನಿಮ್ಮ ಎಷ್ಟು ದಿನ ಹೋಯಿತೋ.

ಈಗ ನೀವು ಏನು ಮಾಡಬಹುದು. ಒಬ್ಬರೇ ಹೋಗಬೇಡಿ. ಕನ್ನಡ, ಇತಿಹಾಸ, ಸಮಾಜಶಾಸ್ತ್ರ ವಿಭಾಗಗಳ ಸಂಶೋಧನಾ ವಿದ್ಯಾರ್ಥಿಗಳು, ಸಾಧ್ಯವಾದರೆ ಒಬ್ಬ ಮೇಷ್ಟ್ರು ಸೇರಿ ಗ್ರಂಥಪಾಲಕರನ್ನು ಕಾಣಿ. "ಎಲ್ಲವನ್ನೂ ಮೇಲೆ ತನ್ನಿ" ಎಂದು ಕೇಳಬೇಡಿ, ಆಗುವುದಿಲ್ಲ. ನೆಲಮಾಳಿಗೆಯಲ್ಲಿರುವ ಕನ್ನಡ ಮತ್ತು ಸ್ಥಳೀಯ ಪತ್ರಿಕೆಗಳ ಪಟ್ಟಿ ಕೇಳಿ. ಹೆಸರು, ಯಾವ ವರ್ಷದಿಂದ ಯಾವ ವರ್ಷ, ಯಾವ ಸಂಚಿಕೆ ಇಲ್ಲ, ಯಾವ ಸಾಲಿನಲ್ಲಿದೆ. ಅವರಲ್ಲಿ ಜನ ಇಲ್ಲ ಎನ್ನುತ್ತಾರೆ, ಅದು ಬಹುಮಟ್ಟಿಗೆ ನಿಜ. ಎಷ್ಟೋ ಕಡೆ ಹುದ್ದೆಗಳು ವರ್ಷಾನುಗಟ್ಟಲೆ ಖಾಲಿ ಇವೆ. ಪಟ್ಟಿ ಮಾಡಲು ನಾವು ಕೂಡುತ್ತೇವೆ ಎಂದು ಹೇಳಿ. ಬೀಗ ತೆಗೆಸಲು ಇದಕ್ಕಿಂತ ಒಳ್ಳೆ ದಾರಿ ನನಗೆ ಕಾಣುತ್ತಿಲ್ಲ. ಚೀಟಿ ಬರೆದು ಕೊಟ್ಟರೆ ಮಾರನೇ ದಿನ ಸಂಪುಟ ಮೇಲೆ ಬರುವ ವ್ಯವಸ್ಥೆ ಕೇಳಿ. ಹೊಸ ಓದುವ ಹಾಲ್‌ನಲ್ಲೇ ಅದನ್ನು ನೋಡಲು ಒಂದು ಮೇಜು ಸಾಕು.

ಗ್ರಂಥಾಲಯ ಸಲಹಾ ಸಮಿತಿಗೆ ಒಂದು ಮನವಿ ಕೊಡಿ. ಇನ್ನು ಮುಂದೆ ಡೇಟಾಬೇಸ್ ನಿಲ್ಲಿಸುವುದಿದ್ದರೆ, ರ‍್ಯಾಕು ಸರಿಸುವುದಿದ್ದರೆ ಒಂದು ಸೆಮಿಸ್ಟರ್ ಮೊದಲೇ ವಿಭಾಗಗಳಿಗೆ ಪಟ್ಟಿ ಕಳಿಸಲಿ, ಆಕ್ಷೇಪಕ್ಕೆ ಸಮಯ ಕೊಡಲಿ. ನಿಂತ ಡೇಟಾಬೇಸ್ ಬಗ್ಗೆ ಲಿಖಿತವಾಗಿ ಕೇಳಿ: ಹಿಂದಿನ ವರ್ಷಗಳ ಸಂಚಿಕೆ ನೋಡುವ ಹಕ್ಕು ನಮಗಿದೆಯಾ? ಇದ್ದರೆ ಪ್ರಕಾಶಕರಿಗೆ ಬರೆದು ಬಾಗಿಲು ತೆರೆಸುವುದು ಕಷ್ಟವಲ್ಲ. ಯಾವುದಕ್ಕೂ ಉತ್ತರ ಬಾರದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಇದ್ದೇ ಇದೆ, 30 ದಿನದಲ್ಲಿ ಉತ್ತರ ಕೊಡಬೇಕು. ಆದರೆ ಅದು ಕೊನೆಗೆ ಇರಲಿ. ಮೊದಲೇ ಅರ್ಜಿ ಹಾಕಿದರೆ ನಾಳೆ ಸಂಪುಟ ಹುಡುಕಿಕೊಡಬೇಕಾದವರೇ ಮುಖ ತಿರುಗಿಸುತ್ತಾರೆ.

ಪಟ್ಟಿ ಸಿದ್ಧವಾದರೆ ನಮಗೊಂದು ಪ್ರತಿ ಕಳಿಸಿ. ಅದರಲ್ಲಿ ತಪ್ಪಿಹೋದ ಸಂಚಿಕೆಗಳ ಹೆಸರನ್ನು ಇದೇ ಪುಟದಲ್ಲಿ ಹಾಕುತ್ತೇವೆ. ನಮ್ಮ ಓದುಗರ ಮನೆಯ ಅಟ್ಟದಲ್ಲಿ ಹಳೇ ಪತ್ರಿಕೆಗಳ ಕಟ್ಟು ಇರುವುದು ನನಗೆ ಗೊತ್ತು. ನಿಮ್ಮ ಗ್ರಂಥಪಾಲಕರು ತಮ್ಮ ಕಡೆಯ ಮಾತು ಬರೆದರೆ ಅದಕ್ಕೂ ಇಷ್ಟೇ ಜಾಗ ಕೊಡುತ್ತೇವೆ.

— ಸಂಪಾದಕ